ಹನ್ನೆರಡು ಕಿಲೋಮೀಟರ್ ಬಾಕಿ

26 ಮೇ 2008, ಸೋಮವಾರ

ಬಸವೇಶ್ವರನಗರದಲ್ಲಿ ಅಂಗಡಿ ಹಾಕಿ ಏಳು ವರ್ಷವಾಯಿತು. ಕಂಪ್ಯೂಟರ್ ರಿಪೇರಿಗೆ ಬರುವವರು ಎರಡೇ ಬಗೆ ಎಂದುಕೊಂಡಿದ್ದೆ: ಮಗನ ಓದಿಗೆ ಅಂತ ಸುಳ್ಳು ಹೇಳುವವರು, ಆಫೀಸಿನ ಕೆಲಸಕ್ಕೆ ಅಂತ ಸುಳ್ಳು ಹೇಳುವವರು. ಇವತ್ತು ಮೂರನೆಯ ಬಗೆಯವರು ಬಂದರು. ಖಾಕಿ ಅಂಗಿ, ಕಂಕುಳಲ್ಲಿ ಚರ್ಮದ ಚೀಲ, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ. ಸಿಟಿ ಬಸ್ಸಿನ ಕಂಡಕ್ಟರ್. ಹೆಸರು ಲಿಂಗಪ್ಪ, ಗದಗಿನ ಕಡೆಯವರು, ಐವತ್ತರ ಹತ್ತಿರದ ವಯಸ್ಸು. ಟವೆಲ್ಲಿನಲ್ಲಿ ಸುತ್ತಿದ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟು, ಒಂದಿಷ್ಟೂ ನಾಚಿಕೆಯಿಲ್ಲದೆ, "ಗೇಮ್ ಆಡಾಕ್ರಿ" ಎಂದರು.

ಯಾವುದೋ ಕಂಪನಿಯವರು ಹಳೆಯದೆಂದು ತಳ್ಳಿದ ಅಗ್ಗದ ಮಾಲು. ಅರ್ಧ ಜಿಬಿ ಮೆಮೊರಿ, ನಲವತ್ತು ಜಿಬಿ ಹಾರ್ಡ್‌ಡಿಸ್ಕು. ಚಿತ್ರ ತೋರಿಸಲು ಬೇರೆ ಕಾರ್ಡಿಲ್ಲ, ಆ ಅರ್ಧದಲ್ಲೇ ಒಂದು ಪಾಲು ಪರದೆಗೆ ಹೋಗುತ್ತದೆ. ಗೇಮು ಎಂದರೆ ಗುಂಡು ಹಾರಿಸುವುದಲ್ಲ. ಯಾವುದೋ ದೇಶದ ಊರಿನಲ್ಲಿ ಬಸ್ಸು ಓಡಿಸುವುದು. ಸ್ಟಾಪಿನಲ್ಲಿ ನಿಲ್ಲಿಸಬೇಕು, ಬಾಗಿಲು ತೆಗೆಯಬೇಕು, ಜನ ಹತ್ತಿಳಿದ ಮೇಲೆ ಹೊರಡಬೇಕು. ದಿನವಿಡೀ ಬಸ್ಸಿನಲ್ಲಿ ನಿಂತು ಬಂದವರು ಮನೆಗೆ ಹೋಗಿ ಮತ್ತೆ ಬಸ್ಸೇ ಓಡಿಸುತ್ತಾರಂತೆ. ತಲೆ ನೆಟ್ಟಗಿದೆಯಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮೆಮೊರಿ ಎರಡು ಜಿಬಿ ಮಾಡೋಣ, ಡಿಸ್ಕು ದೊಡ್ಡದು ಹಾಕೋಣ, ಫ್ಯಾನಿನ ಧೂಳು ತೆಗೆಯೋಣ, ನಾಳೆ ಬನ್ನಿ ಎಂದೆ.

30 ಮೇ, ಶುಕ್ರವಾರ

ಕಂಡಕ್ಟರ್ ಮತ್ತೆ ಬಂದಿದ್ದರು. ಎಸ್.ಪಿ. ರೋಡಿಗೆ ಹೋಗಿ ಸಾಮಾನು ತರಲು ನನಗೆ ಇನ್ನೂ ಪುರುಸೊತ್ತಾಗಿಲ್ಲ. ನಾಳೆ ಎಂದೆ. ಈ ಕಸುಬಿನಲ್ಲಿ ನಾಳೆ ಎನ್ನುವುದು ನಮಸ್ಕಾರ ಎಂದ ಹಾಗೆ, ಯಾರೂ ಅದನ್ನು ನಂಬುವುದಿಲ್ಲ. ಇವರು ನಂಬಿ, ಮಾರನೆಯ ದಿನವೇ ಬಂದು ನಿಲ್ಲುತ್ತಾರೆ.

6 ಜೂನ್, ಶುಕ್ರವಾರ

ಇವತ್ತು ಮಳೆ ಬಂತು, ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಬೇಡವೆಂದರೂ ಕಥೆ ಕೇಳಬೇಕಾಯಿತು. ಡ್ರೈವರ್ ಆಗಬೇಕೆಂದು ಊರು ಬಿಟ್ಟವರಂತೆ. ಕಣ್ಣಿನ ಪರೀಕ್ಷೆಯಲ್ಲಿ ಕೆಂಪು, ಹಸಿರು ಬೇರೆ ಬೇರೆ ಕಾಣದೆ ಫೇಲಾಗಿ, ಕಂಡಕ್ಟರ್ ಆಗಿ ಹತ್ತೊಂಬತ್ತು ವರ್ಷ. ಮತ್ತೆ ಗೇಮಿನಲ್ಲಿ ಸಿಗ್ನಲ್ ಹೇಗೆ ಗೊತ್ತಾಗುತ್ತದೆ ಎಂದೆ. ಮೇಲಿನ ದೀಪ ಹತ್ತಿದರೆ ನಿಲ್ಲುವುದು, ಕೆಳಗಿನದು ಹತ್ತಿದರೆ ಹೋಗುವುದು, ಬಣ್ಣ ಯಾಕೆ ಬೇಕು ಎಂದರು. ಡಾಕ್ಟರಿಗೂ ಇದನ್ನೇ ಹೇಳಿದ್ದರಂತೆ.

ಆಮೇಲೆ ಚೀಲದಿಂದ ಒಂದು ಕಟ್ಟು ಹಾಳೆ ತೆಗೆದರು. ಕಂಡಕ್ಟರುಗಳು ಪ್ರತಿ ಟ್ರಿಪ್ಪಿಗೂ ಬರೆಯುವ ವೇಬಿಲ್ ಇರುತ್ತದಲ್ಲ, ಅದರದೇ ನಕಲು, ಸ್ಕೇಲ್ ಹಿಡಿದು ಗೆರೆ ಎಳೆದದ್ದು. ಹೊರಟ ಹೊತ್ತು, ತಲುಪಿದ ಹೊತ್ತು, ಓಡಿದ ಕಿಲೋಮೀಟರ್, ಒಟ್ಟು. ಗೇಮಿನಲ್ಲಿ ಓಡಿಸಿದ ಒಂದೊಂದು ಟ್ರಿಪ್ಪಿಗೂ ಒಂದೊಂದು ಗೆರೆ, ಎರಡು ವರ್ಷದ್ದು. ಡ್ರೈವರ್ ಎಂಬ ಕಡೆ ಲಿಂಗಪ್ಪ. ಕಂಡಕ್ಟರ್ ಎಂಬ ಕಡೆ ಎಲ್ಲದರಲ್ಲೂ ಖಾಲಿ.

"ಕಂಡಕ್ಟರ್ ಪೋಸ್ಟ್ ಖಾಲಿ ಐತ್ರಿ ಯೋಗಣ್ಣಾರ, ಬರ್ತೀರೇನು?" ಎಂದು ನಕ್ಕರು.

ಅವಸರ ಯಾಕೆಂಬುದು ಇವತ್ತು ತಿಳಿಯಿತು. ಒಂದೂ ಅಪಘಾತವಿಲ್ಲದೆ ಹತ್ತು ಸಾವಿರ ಕಿಲೋಮೀಟರ್ ಓಡಿಸಿದರೆ ಆ ಗೇಮು ಒಂದು ಪದಕ ಕೊಡುತ್ತದೆ. ನಡುವೆ ಎಲ್ಲಾದರೂ ತಗುಲಿಸಿದರೆ, ಟ್ರಿಪ್ ಅರ್ಧಕ್ಕೆ ಬಿಟ್ಟರೆ, ಮೀಟರ್ ಸೊನ್ನೆಗೆ ಬರುತ್ತದೆ. ಇವರದು 9,988ಕ್ಕೆ ನಿಂತಿದೆ. ಹನ್ನೆರಡು ಬಾಕಿ. ಆದರೆ ಮೆಮೊರಿ ಸಾಲದೆ ಬಸ್ಸು ಈಚೆಗೆ ತಡವರಿಸುತ್ತಿದೆ, ಬ್ರೇಕ್ ಒತ್ತಿದರೆ ಒಂದು ಕ್ಷಣ ಬಿಟ್ಟು ಹಿಡಿಯುತ್ತದೆ. ಬ್ರೇಕಿನ ಮೇಲೆ ನಂಬಿಕೆಯಿಲ್ಲದ ಗಾಡಿ ತೆಗೆಯುವುದಿಲ್ಲವೆಂದು ಒಂದೂವರೆ ತಿಂಗಳಿಂದ ಮುಟ್ಟೇ ಇಲ್ಲವಂತೆ.

ಹುಚ್ಚು ಮನುಷ್ಯ. ಆದರೂ ಮಳೆ ನಿಂತ ಮೇಲೆ ಅವರು ಎದ್ದು ಹೋದಾಗ ಅಂಗಡಿ ಬಿಕೋ ಎನ್ನಿಸಿತು.

14 ಜೂನ್, ಶನಿವಾರ

ಹನ್ನೊಂದನೆಯ ಸಲ ಬಂದರು. ಸ್ಟಾಕ್ ಬಂದಿಲ್ಲ ಎಂದೆ. ಸುಳ್ಳು. ನಾನು ಹೋಗಿಯೇ ಇಲ್ಲ. ಎಸ್.ಪಿ. ರೋಡಿನ ಆ ನೂಕುನುಗ್ಗಲು ನೆನೆದರೇ ಮೈ ಉರಿಯುತ್ತದೆ. ಅವರು ಬೇಸರ ತೋರಿಸಲಿಲ್ಲ. ಎದೆ ಉಜ್ಜಿಕೊಳ್ಳುತ್ತಾ, ಅಸಿಡಿಟಿ ಎಂದರು. ಮೆಟ್ಟಿಲು ಇಳಿದು ತಿರುಗಿ ನೋಡಿ ಒಂದು ಮಾತು ಹೇಳಿದರು.

"ಹೋಲ್ಡಾನ್ ಅಂದೀರಿ, ನಿಂತೀನಿ. ರೈಟ್ ಅನ್ನೋರೂ ನೀವ ಆಗ್ಬೇಕ್ರಿ."

ಸೋಮವಾರ ಖಂಡಿತ ಎಂದೆ.

18 ಜೂನ್, ಬುಧವಾರ

ಕೊನೆಗೂ ಸಾಮಾನು ತಂದೆ. ತಳದ ಎರಡು ಸ್ಕ್ರೂ ಬಿಚ್ಚಿ, ಹಳೆಯ ಮೆಮೊರಿ ಪಟ್ಟಿ ತೆಗೆದು ಒಂದೊಂದು ಜಿಬಿಯ ಎರಡು ಪಟ್ಟಿ ಕೂರಿಸಿದೆ. ನೂರರವತ್ತು ಜಿಬಿಯ ಹೊಸ ಡಿಸ್ಕು. ಫ್ಯಾನ್ ಬಿಚ್ಚಿದರೆ ಧೂಳಿನ ಗಾದಿ, ಅದರೊಳಗೆ ಬಸ್ ಟಿಕೆಟಿನ ಒಂದು ಚೂರು. ಬ್ರಷ್ ಆಡಿಸಿ, ಪೇಸ್ಟ್ ಹಚ್ಚಿ ಮುಚ್ಚಿದೆ. ಎಲ್ಲ ಸೇರಿ ನಲವತ್ತು ನಿಮಿಷ. ಅದಕ್ಕೆ ಮೂರು ವಾರ ಓಡಾಡಿಸಿದ್ದೇನೆ.

ವಿಂಡೋಸ್ ಹಾಕಿ, ಅವರು ಕೊಟ್ಟಿದ್ದ ಸಿಡಿಯಿಂದ ಗೇಮೂ ಹಾಕಿ ನೋಡಿದೆ. ಒತ್ತಿದ ಕೂಡಲೇ ಬ್ರೇಕ್ ಹಿಡಿಯಿತು. ಹಳೆಯ ಡಿಸ್ಕನ್ನು ಎಂದಿನಂತೆ ಫಾರ್ಮ್ಯಾಟ್ ಹೊಡೆದು, ನಂದಿನಿ ಲೇಔಟಿನ ಚನ್ನಕೇಶವ ಮೇಷ್ಟ್ರ ಮೆಷಿನ್‌ಗೆ ಹಾಕಿ ಕಳಿಸಿದೆ. ಅವರದು ಕೆಟ್ಟಿತ್ತು. ಹಳೆಯ ಸಾಮಾನು ಅಂಗಡಿಗೆ ಬಿಟ್ಟದ್ದು, ಎಲ್ಲ ಕಡೆಯೂ ಇದೇ ಪದ್ಧತಿ.

ಲಿಂಗಪ್ಪ ಸೋಮವಾರ ಬರಲಿಲ್ಲ, ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಸಿದ್ಧವಾದಾಗಲೇ ಬರುವುದಿಲ್ಲ ನೋಡಿ.

20 ಜೂನ್, ಶುಕ್ರವಾರ

ಅವರು ಸೋಮವಾರವೇ ತೀರಿಕೊಂಡಿದ್ದಾರೆ. ಅವರ ಡಿಪೋದ ದುಂಡಪ್ಪ ಎಂಬ ಡ್ರೈವರ್ ಅಂಗಡಿ ಹುಡುಕಿಕೊಂಡು ಬಂದು ಹೇಳಿದ. ಅವನದೇ ಬಸ್ಸು. ಕಾಮಾಕ್ಷಿಪಾಳ್ಯದ ಸ್ಟಾಪಿನಲ್ಲಿ ಜನ ಹತ್ತಿದ ಮೇಲೆ ಲಿಂಗಪ್ಪ ಎರಡು ಸಲ ಸೀಟಿ ಊದಿ ತಮ್ಮ ಸೀಟಿನಲ್ಲಿ ಕೂತರಂತೆ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಇವನು ಹೊರಟ. ಮುಂದಿನ ಸ್ಟಾಪಿನಲ್ಲಿ ಸೀಟಿ ಬರಲಿಲ್ಲ, ಅದರ ಮುಂದಿನದರಲ್ಲೂ ಬರಲಿಲ್ಲ. ನಿದ್ದೆ ಹತ್ತಿರಬೇಕೆಂದು ಪಕ್ಕದವರು ಸುಮ್ಮನಿದ್ದರು. ಮೂರು ಸ್ಟಾಪ್ ಹಾಗೇ ಹೋಯಿತು.

ನಾನು ಸಣ್ಣವನಿದ್ದಾಗ ನಮ್ಮ ಸಾಣೇಗುರುವನಹಳ್ಳಿಯ ಮನೆ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ಬಾಗಿಲು ತಟ್ಟಿ ಹೆಸರು ಕರೆಯುವ ದೆವ್ವ ಅದನ್ನು ಓದಿ ಹಿಂದೆ ಹೋಗುತ್ತದೆ, ಮಾರನೆಯ ದಿನ ಬಂದು ಮತ್ತೆ ಓದುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ನಾನು ಬದುಕಿದ್ದ ಮನುಷ್ಯನನ್ನು ಹನ್ನೊಂದು ಸಲ ಹಾಗೆ ಕಳಿಸಿದೆ.

3 ಜುಲೈ, ಗುರುವಾರ

ಅವರ ಹೆಂಡತಿ ಬಂದಿದ್ದರು. ನೀಲಾಂಬಿಕಾ, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ, ಮಕ್ಕಳಿಲ್ಲ. ಆ ವೇಬಿಲ್ ಕಟ್ಟನ್ನು ಎದೆಗೆ ಒತ್ತಿಕೊಂಡಿದ್ದರು. ಒಮ್ಮೆ ನೋಡಬೇಕೆಂದರು. ಲ್ಯಾಪ್‌ಟಾಪ್ ತೆರೆದು ಆನ್ ಮಾಡಿ ಅವರ ಕಡೆ ತಿರುಗಿಸಿದೆ. ಸ್ವಲ್ಪ ಹೊತ್ತು ನೋಡಿ, ತಾವೇ ಮೆಲ್ಲಗೆ ಮುಚ್ಚಿದರು. ಮನೆಗೆ ಒಯ್ಯುವುದಿಲ್ಲವಂತೆ, ಅದನ್ನು ಎದುರಿಗಿಟ್ಟುಕೊಂಡು ಒಬ್ಬರೇ ಇರಲು ಆಗದಂತೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ತಂದುಕೊಡಿ ಎಂದರು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಬಾಗಿಲು ಮುಂದೆ ಮಾಡಿ, ಅವರು ಬಂದು ಹೋಗುವಷ್ಟು ಹೊತ್ತು ಹೊರಗೆ ಕೂರುವುದು ನಮ್ಮಲ್ಲೂ ಇದೆ.

"ಒಂಬತ್ತು ಸಾವಿರದ ಒಂಬೈನೂರಾ ಎಂಬತ್ತೆಂಟು," ಎಂದರು, ಹಾಳೆ ನೋಡದೆ. "ಅಲ್ಲಿಗೇ ನಿಂದ್ರಸಿ ಇಡ್ರಿ. ಉಳಿದ ಹನ್ನೆರಡು ಅವರ ಬಂದು ಓಡಸ್ಲಿ."

ಆಗಲಿ ಅಕ್ಕ ಎಂದೆ. ವೇಬಿಲ್ ಕಟ್ಟನ್ನೂ ಲ್ಯಾಪ್‌ಟಾಪಿನ ಜೊತೆಗೇ ಇರಲೆಂದು ಬಿಟ್ಟುಹೋದರು. ಅವರು ರಸ್ತೆ ದಾಟಿದ ಮೇಲೆ ನೆನಪಾಯಿತು, ಆ 9,988 ಇದ್ದದ್ದು ಹಳೆಯ ಡಿಸ್ಕಿನಲ್ಲಿ. ಅದನ್ನು ನಾನು ಒರೆಸಿ ಹಾಕಿದ್ದೇನೆ.

5 ಜುಲೈ, ಶನಿವಾರ

ನಂದಿನಿ ಲೇಔಟಿಗೆ ಹೋಗಿ ಮೇಷ್ಟ್ರ ಕೈಕಾಲು ಹಿಡಿದು ಡಿಸ್ಕು ಬಿಚ್ಚಿಸಿಕೊಂಡು ತಂದೆ. ಎರಡೂವರೆ ವಾರದಲ್ಲಿ ಅವರ ಮೊಮ್ಮಗಳು ಅದರ ತುಂಬ ಹಾಡು ತುಂಬಿದ್ದಾಳೆ. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿ ಎಂಟು ಗಂಟೆ ಕಾದೆ. ಸಿಕ್ಕಿದ್ದು ಎರಡು: 'LINGAPPA DRIVER' ಎಂಬ ಹೆಸರಿನ ಫೈಲು, ಒಳಗೆ ಬರೀ ಖಾಲಿ. ಇನ್ನೊಂದು ಅರ್ಧ ಫೋಟೋ. ಇಬ್ಬರು ನಿಂತಿದ್ದಾರೆ, ಸೊಂಟದಿಂದ ಕೆಳಗೆ ಮಾತ್ರ ಉಳಿದಿದೆ. ಖಾಕಿ ಪ್ಯಾಂಟು, ಪಕ್ಕದಲ್ಲಿ ಇಳಕಲ್ ಸೀರೆಯ ನೆರಿಗೆ.

8 ಜುಲೈ, ಮಂಗಳವಾರ

ಎರಡು ನಿಮಿಷದ ಕೆಲಸ. ಗೇಮಿನ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಸೊನ್ನೆ ಅಳಿಸಿ 9988 ಎಂದು ಹೊಡೆದೆ. ಡ್ರೈವರ್ ಹೆಸರು ಲಿಂಗಪ್ಪ. ತೆರೆದರೆ ಸರಿಯಾಗಿ ತೋರಿಸಿತು. ಯಾರಪ್ಪನಿಗೂ ಗೊತ್ತಾಗುವುದಿಲ್ಲ.

ಊಟಕ್ಕೆ ಹೋಗಿ ಬಂದು ನೋಡಿದೆ, ಹಾಗೇ ಇತ್ತು. ಎರಡು ವರ್ಷ ಆ ಮನುಷ್ಯ ಒಂದು ನಾಯಿಗೂ ತಗುಲಿಸದೆ ಓಡಿಸಿದ್ದನ್ನು ನಾನು ಎರಡು ನಿಮಿಷದಲ್ಲಿ ಬರೆದು ಮುಗಿಸಿದ್ದೇನೆ. ಅವರಿಗೆ ನಲವತ್ತು ನಿಮಿಷ ಕೊಡಲಾಗದವನು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನೀಲಾಂಬಿಕಾ ಅಕ್ಕ ಇದು ಓಡಿಸಿದ್ದೇ ತಾನೇ ಎಂದು ಕೇಳಿದರೆ ಹೌದು ಎನ್ನಲು, ಯಾರಾದರೂ ಓಡಿಸಿರಬೇಕು. ಅಂಕಿ ಅಳಿಸಿ ಮತ್ತೆ ಸೊನ್ನೆ ಹಾಕಿದೆ. ಅಮಾವಾಸ್ಯೆ ಸೆಪ್ಟೆಂಬರ್ 29ಕ್ಕೆ. ಗಂಟೆಗೆ ನಲವತ್ತು ಕಿಲೋಮೀಟರ್ ಹಿಡಿದರೆ ದಿನಕ್ಕೆ ಮೂರು ಗಂಟೆ ಸಾಕು.

19 ಜುಲೈ, ಶನಿವಾರ

ಹನ್ನೊಂದು ದಿನದಲ್ಲಿ ಐದು ಸಲ ಸೊನ್ನೆ. ನಿಂತ ಕಾರಿಗೆ ಒರೆಸಿದೆ, ಕಂಬಕ್ಕೆ ಹೊಡೆದೆ. ಇವತ್ತು 340ರಲ್ಲಿ ಒಬ್ಬ ಗಿರಾಕಿ "ಅಣ್ಣ" ಎಂದು ಕೂಗಿದ್ದಕ್ಕೆ ತಿರುಗಿ ನೋಡಿದೆ, ಡಿವೈಡರ್ ಹತ್ತಿತು. ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಮೌಸ್ ಕೊಳ್ಳಲು ಬಂದವನು.

ಇನ್ನು ತಗುಲಿಸಿದರೆ ದಿನ ಸಾಲುವುದಿಲ್ಲ. ಲಿಂಗಪ್ಪನವರ ಹಾಳೆಗಳನ್ನು ಪಕ್ಕಕ್ಕಿಟ್ಟುಕೊಂಡು, ಅವರು ಹೋದ ದಾರಿಯಲ್ಲೇ, ಅವರು ಬರೆದ ಹೊತ್ತಿಗೇ ಹೊರಡುವುದೆಂದು ತೀರ್ಮಾನಿಸಿದೆ. ಬೆಳಗ್ಗೆ ಐದಕ್ಕೆ ಒಂದು, ಸಂಜೆ ಐದಕ್ಕೆ ಒಂದು. ಅವರ ಹಾಗೇ ಗೆರೆ ಎಳೆದು ನಾನೂ ಟ್ರಿಪ್ಪಿಗೊಂದು ವೇಬಿಲ್ ಬರೆಯುವುದು. ಶಟರ್ ಅರ್ಧ ಇಳಿಸಿ, ರಸ್ತೆಗೆ ಬೆನ್ನು ಹಾಕಿ ಕೂರುತ್ತೇನೆ.

25 ಜುಲೈ, ಶುಕ್ರವಾರ

ಬೆಳಗಿನ ಟ್ರಿಪ್ ಕರೆಂಟಿಲ್ಲದೆ ತಪ್ಪಿತ್ತು, ಮಧ್ಯಾಹ್ನ ಒಂದಕ್ಕೆ ಹೊರಟೆ. ಅಮ್ಮ ಮೂರು ಸಲ ಫೋನ್ ಮಾಡಿದಳಂತೆ. ಊರಲ್ಲಿ ಅಲ್ಲಲ್ಲಿ ಬಾಂಬ್ ಸಿಡಿದಿದೆ, ಮೈಸೂರು ರಸ್ತೆಯಲ್ಲೂ ಅಂತೆ. ಕೊನೆಗೆ ಅವಳೇ ಏದುಸಿರು ಬಿಡುತ್ತಾ ಅಂಗಡಿಗೆ ಬಂದಳು. ನಾನು ಕೊನೆಯ ಸ್ಟಾಪಿಗೆ ಎರಡು ಕಿಲೋಮೀಟರ್ ದೂರದಲ್ಲಿದ್ದೆ. ಹೋಲ್ಡಾನ್ ಎಂದೆ. ಅವಳು ಬಾಗಿಲಲ್ಲೇ ನಿಂತು ಅತ್ತಳು. ಒಟ್ಟು 790.

11 ಆಗಸ್ಟ್, ಸೋಮವಾರ

ಹೊರಟಿದ್ದು 5.10, ತಲುಪಿದ್ದು 6.55. ಓಡಿದ್ದು 70. ಸಂಜೆಯೂ 70. ಒಟ್ಟು 3,180. ಡ್ರೈವರ್ ಯೋಗಾನಂದ. ಕಂಡಕ್ಟರ್ ಲಿಂಗಪ್ಪ. ಅಪಘಾತ ಇಲ್ಲ.

ಸಂಜೆಯ ದಾರಿಯಲ್ಲಿ ಒಂದು ಸುರಂಗವಿದೆ. ಒಳಗೆ ಹೊಕ್ಕ ಕೂಡಲೇ ಪರದೆ ಕಪ್ಪಾಗಿ ಕನ್ನಡಿಯಂತಾಗುತ್ತದೆ. ಇವತ್ತು ಅದರಲ್ಲಿ ನನ್ನ ಹೆಗಲ ಮೇಲುಗಡೆ, ದೂರದಲ್ಲಿ, ಯಾರೋ ನಿಂತದ್ದು ಕಾಣಿಸಿತು. ಅಲುಗಾಡದೆ ನಿಂತಿತ್ತು. ತಿರುಗಿ ನೋಡುವಂತಿಲ್ಲ, ಬಸ್ಸು ತಗುಲುತ್ತದೆ. ಟ್ರಿಪ್ ಮುಗಿಸಿ ತಿರುಗಿದರೆ ಎದುರಿನ ಹೊಂಗೆ ಮರದ ಕೆಳಗಿನ ಬಸ್‌ಸ್ಟಾಪ್ ಖಾಲಿ.

12 ಆಗಸ್ಟ್, ಮಂಗಳವಾರ

ಇವತ್ತೂ ಸುರಂಗದಲ್ಲಿ.

15 ಆಗಸ್ಟ್, ಶುಕ್ರವಾರ

ದಿನವೂ ಬರುತ್ತದೆ. ಸುರಂಗ ಬಂದಾಗ ಮಾತ್ರ. ಮೊದಲ ದಿನ ಹೆದರಿದ್ದೆ, ಈಗ ಬಾರದಿದ್ದರೇ ಕಷ್ಟ. ಹಬ್ಬವೆಂದು ಅಮ್ಮ ಕರೆದಳು. ಸಂಜೆ ಡ್ಯೂಟಿ ಇದೆ ಎಂದೆ.

3 ಸೆಪ್ಟೆಂಬರ್, ಬುಧವಾರ

5.10ರಿಂದ 6.50. 70. ಸಂಜೆ 70. ಒಟ್ಟು 6,420. ಡ್ರೈವರ್ ಯೋಗಾನಂದ. ಕಂಡಕ್ಟರ್ ಲಿಂಗಪ್ಪ.

ಗಣೇಶನ ಹಬ್ಬ. ಊಟಕ್ಕೆ ಕೂತಾಗ ಅಮ್ಮ ತಟ್ಟೆಯ ಪಕ್ಕ ಬಿದ್ದಿದ್ದ ಕಾಗದಗಳನ್ನು ತೋರಿಸಿ ಇದೇನೋ ಎಂದಳು. ಕ್ಯಾಲೆಂಡರಿನ ಹಾಳೆಯನ್ನು ಉದ್ದಕ್ಕೆ ಸಣ್ಣದಾಗಿ ಹರಿದು, ಮಡಚಿ, ಬೆರಳ ಸಂದಿಗೆ ಸಿಕ್ಕಿಸಿಕೊಂಡಿದ್ದೆ. ಕೈ ಸುಮ್ಮನಿರದಿದ್ದರೆ ಹೀಗಾಗುತ್ತದೆ. ಹೊಸ ಅಂಗಿಯ ಬಗ್ಗೆಯೂ ತಕರಾರು. ಖಾಕಿಯಾದರೇನು, ದಪ್ಪ ಬಟ್ಟೆ, ಧೂಳು ಕಾಣುವುದಿಲ್ಲ.

"ಯೋಗ, ನೀನು ನಿಂತ್ಕೊಳ್ಳೋದು ಯಾಕೋ ನಿನ್ನ ಹಾಗಿಲ್ಲ ಕಣೋ," ಎಂದಳು. ನಾನು ಬಾಗಿಲ ಮೇಲಿನ ಪಟ್ಟಿ ಹಿಡಿದು ನಿಂತಿದ್ದೆ ಅಷ್ಟೆ. ವಯಸ್ಸಾಯಿತು, ಎಲ್ಲದಕ್ಕೂ ಭಯ ಅವಳಿಗೆ. ಊಟ ಆತೇನು ಎಂದು ಕೇಳಿದರೆ ಅದಕ್ಕೂ ಮುಖ ನೋಡುತ್ತಾಳೆ.

14 ಸೆಪ್ಟೆಂಬರ್, ಭಾನುವಾರ

ಒಟ್ಟು 7,960. ಡ್ರೈವರ್ ಯೋಗಾನಂದ. ಕಂಡಕ್ಟರ್ ಲಿಂಗಪ್ಪ.

ಗಿರಾಕಿಗಳು ಕಡಿಮೆಯಾಗಿದ್ದಾರೆ. ಬಂದವರ ಕೆಲಸ ಅವತ್ತೇ ಮುಗಿಸಿ ಕಳಿಸುತ್ತೇನೆ, ಇಟ್ಟುಕೊಂಡರೆ ಟ್ರಿಪ್ಪಿಗೆ ಅಡ್ಡ. ಚನ್ನಕೇಶವ ಮೇಷ್ಟ್ರು ಪ್ರಿಂಟರ್ ತಂದಿದ್ದರು. ಸಂಜೆಯೊಳಗೆ ಕೊಟ್ಟೆ. ನಿಮ್ಮ ಬಾಯಲ್ಲಿ ಇವತ್ತು ಅನ್ನೋ ಮಾತು ಕೇಳಿದ್ದೇ ಮೊದಲು ಎಂದು ಹಾಸ್ಯ ಮಾಡಿದರು. ನಾನು ಯಾವಾಗಲೂ ಹೀಗೇ ಅಲ್ಲವೇ?

26 ಸೆಪ್ಟೆಂಬರ್, ಶುಕ್ರವಾರ

ಸಂಜೆ 5.40ಕ್ಕೆ ಕರೆಂಟ್ ಹೋಯಿತು. ಮೆಮೊರಿ ಹೊಸದು, ಡಿಸ್ಕು ಹೊಸದು, ಬ್ಯಾಟರಿ ಮಾತ್ರ ಹಳೆಯದೇ. ಅದನ್ನು ಬದಲಾಯಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಆರಕ್ಕೆ ಹದಿನೈದು ಪರ್ಸೆಂಟ್, ಆಮೇಲೆ ಎಂಟು. ಆರಿಹೋದರೆ ಟ್ರಿಪ್ ಅರ್ಧಕ್ಕೆ ಬಿಟ್ಟ ಲೆಕ್ಕ, ಸೊನ್ನೆ. ಇನ್ನು ಮೂರು ದಿನಕ್ಕೆ ಅಮಾವಾಸ್ಯೆ. ಎಂದೂ ಇಲ್ಲದವನು ಜೋರಾಗಿ ಓಡಿಸಿದೆ. ಒಂದು ಲಾರಿ ನಿಂತಿತ್ತು, ಪಕ್ಕಕ್ಕೆ ಎಳೆದು ದಾಟಲು ಹೊರಟೆ.

ಹಿಂದಿನಿಂದ ಸೀಟಿ ಕೇಳಿಸಿತು. ಒಂದೇ, ಉದ್ದಕ್ಕೆ.

ನನಗೆ ಗೊತ್ತಾಗುವ ಮೊದಲೇ ಕೈ ಬ್ರೇಕ್ ಒತ್ತಿತ್ತು. ಲಾರಿಯ ಮರೆಯಿಂದ ಒಬ್ಬ ಮುದುಕ ಕೋಲೂರಿಕೊಂಡು ಬಸ್ಸಿನ ಮುಂದೆಯೇ ರಸ್ತೆ ದಾಟಿದ. ಹೊಸ ಮೆಮೊರಿ ಇಲ್ಲದಿದ್ದರೆ ಆ ಬ್ರೇಕ್ ಹಿಡಿಯುತ್ತಿರಲಿಲ್ಲ. ಸೀಟಿ ಇಲ್ಲದಿದ್ದರೆ ನಾನೇ ಹಿಡಿಯುತ್ತಿರಲಿಲ್ಲ. ಕೊನೆಯ ಸ್ಟಾಪಿನಲ್ಲಿ ಬಾಗಿಲು ತೆಗೆದಾಗ ಮೂರು ಪರ್ಸೆಂಟ್ ಉಳಿದಿತ್ತು. ಹೊರಗೆ ಬಂದು ನೋಡಿದೆ. ಸೀಟಿ ಊದಲು ನಮ್ಮ ಕ್ರಾಸಿನಲ್ಲಿ ಪೊಲೀಸರು ನಿಲ್ಲುವುದಿಲ್ಲ, ಮಕ್ಕಳೂ ಇರಲಿಲ್ಲ. ಒಟ್ಟು 9,700.

28 ಸೆಪ್ಟೆಂಬರ್, ಭಾನುವಾರ

ಒಟ್ಟು 9,988. ಅಲ್ಲಿಗೇ ನಿಲ್ಲಿಸಿದೆ. ಡ್ರೈವರ್ ಯೋಗಾನಂದ. ಕಂಡಕ್ಟರ್ ಲಿಂಗಪ್ಪ. ಅಪಘಾತ ಇಲ್ಲ.

ಫೈಲಿನಲ್ಲಿ ಹೆಸರು ಅವರದೇ ಇದೆ. ಅಕ್ಕನಿಗೆ ಹೇಳುವುದೋ ಬಿಡುವುದೋ ತಿಳಿಯುತ್ತಿಲ್ಲ. ಹೇಳದಿದ್ದರೆ ಎಡೆಗೆ ಇಟ್ಟದ್ದು ಅವರದ್ದಲ್ಲ, ನನ್ನದು. ಹೇಳಿದರೆ ಆ ಹೆಂಗಸಿಗೆ ಉಳಿದಿರುವುದೇ ಇಷ್ಟು, ಅದೂ ಹೋಗುತ್ತದೆ.

29 ಸೆಪ್ಟೆಂಬರ್, ಸೋಮವಾರ, ಅಮಾವಾಸ್ಯೆ

ಬೆಳಗ್ಗೆ ಮನೆಯಲ್ಲಿ ನಮ್ಮ ಹಿರಿಯರ ಎಡೆ ಮುಗಿಸಿ, ಲ್ಯಾಪ್‌ಟಾಪನ್ನು ಲಿಂಗಪ್ಪನವರದೇ ಟವೆಲ್ಲಿನಲ್ಲಿ ಸುತ್ತಿಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋದೆ. ಒಂದೇ ಕೋಣೆಯ ಮನೆ. ಗೋಡೆಗೆ ಒರಗಿಸಿದ ಫೋಟೋ, ಮುಂದೆ ಬಾಳೆಲೆಯಲ್ಲಿ ಹೋಳಿಗೆ, ಜೋಳದ ರೊಟ್ಟಿ, ಎಣ್ಣೆಗಾಯಿ. ಪಕ್ಕದಲ್ಲಿ ಮಡಚಿದ ಖಾಕಿ ಅಂಗಿ, ಅದರ ಮೇಲೆ ಸೀಟಿ. ನಾನು ಲ್ಯಾಪ್‌ಟಾಪ್ ಇಟ್ಟು, ವೈರ್ ಸಿಕ್ಕಿಸಿ, ಬಸ್ಸನ್ನು ಸ್ಟಾಪಿನಲ್ಲಿ ನಿಲ್ಲಿಸಿ ಇಂಜಿನ್ ಚಾಲೂ ಮಾಡಿದೆ. ಅಕ್ಕ ಕರ್ಪೂರ ಹಚ್ಚಿ ಬಾಗಿಲು ಮುಂದೆ ಮಾಡಿದರು. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಒಳಗಿನಿಂದ ಬಸ್ಸು ನಿಂತಲ್ಲೇ ಗುರುಗುಡುವುದು ಕೇಳುತ್ತಿತ್ತು.

ತಡೆಯಲಾಗಲಿಲ್ಲ. ಜೇಬಿನಿಂದ ನನ್ನ ವೇಬಿಲ್ ಕಟ್ಟನ್ನು ತೆಗೆದು ಅವರ ಕೈಗೆ ಕೊಟ್ಟು, ಎಲ್ಲವನ್ನೂ ಹೇಳಿಬಿಟ್ಟೆ. ನಾಳೆ ನಾಳೆ ಎಂದದ್ದು, ಡಿಸ್ಕು ಒರೆಸಿದ್ದು, ಅಂಕಿ ತಿದ್ದಿದ್ದು, ಮತ್ತೆ ಮೊದಲಿನಿಂದ ಓಡಿಸಿದ್ದು. ಅವರು ಹಾಳೆಗಳನ್ನು ಒಂದೊಂದಾಗಿ ತಿರುವುತ್ತಾ ಕೇಳಿದರು.

"ನಂಗ ಆವತ್ತ ಗೊತ್ತಾತ್ರಿ," ಎಂದರು. "ತಗದ ಕೂಡ್ಲೇ ನಮ್ಮಿಬ್ರ ಫೋಟೋ ಬರ್ತಿತ್ತು. ಬರ್ಲಿಲ್ಲ."

ಜಗಳ ಆಡಬೇಕೆಂದೇ ಆಗಸ್ಟಿನಲ್ಲಿ ಒಂದು ದಿನ ಕೆಲಸ ಮುಗಿಸಿ ಬಂದರಂತೆ. ಶಟರ್ ಅರ್ಧ ಇಳಿದಿತ್ತು. ಒಳಗೆ ನಾನು ಬೆನ್ನು ಹಾಕಿ ಕೂತು ಬಸ್ಸು ಓಡಿಸುತ್ತಿದ್ದೆ. ಹಿಂದಿನಿಂದ ನೋಡಿದರೆ ಲಿಂಗಪ್ಪನವರೇ ಕೂತ ಹಾಗೆ ಇತ್ತಂತೆ. ಜಗಳ ಬಿಟ್ಟು, ಎದುರಿನ ಹೊಂಗೆ ಮರದ ಕೆಳಗೆ ನಿಂತು ನೋಡಿ ಹೊರಟರು. ಮಾರನೆಯ ದಿನವೂ ಬಂದರು. ಆಮೇಲೆ ದಿನವೂ ಬಂದರು, ಟ್ರಿಪ್ ಮುಗಿಯುವ ಹೊತ್ತಿಗೆ ಹೋಗಿಬಿಡುತ್ತಿದ್ದರು. ಸುರಂಗದಲ್ಲಿ ನಾನು ಕಾಯುತ್ತಿದ್ದದ್ದು ಇವರನ್ನು.

ಶುಕ್ರವಾರ ಸೀಟಿ ಊದಿದ್ದೂ ನೀವೇನಾ ಅಕ್ಕ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಶುಕ್ರವಾರ ಜ್ವರ, ಅವರು ಬಂದೇ ಇರಲಿಲ್ಲ. ಸೀಟಿ ಟ್ರಂಕಿನಲ್ಲಿತ್ತು.

ಆಮೇಲೆ ಅವರು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು.

"ಈ ಜಾಗಾ ಅವರು ಖಾಲಿ ಬಿಡ್ತಿದ್ರು. ನೀವು ತುಂಬೀರಿ."

ನೋಡಿದೆ. ಕಂಡಕ್ಟರ್ ಎಂಬ ಕಡೆ ಲಿಂಗಪ್ಪ ಎಂದಿತ್ತು. ಮೊದಲ ಹಾಳೆಯಿಂದ ಕೊನೆಯದರವರೆಗೂ, ಎಲ್ಲದರಲ್ಲೂ. ಅಕ್ಷರ ನನ್ನದೇ. ಬರೆದದ್ದು ನನಗೆ ಗೊತ್ತೇ ಇಲ್ಲ.

ಅಕ್ಕ ಎದ್ದು ಬಾಗಿಲು ತಳ್ಳಿದರು. ಕರ್ಪೂರ ಆರಿತ್ತು. ಎಲೆಯಲ್ಲಿ ಇಟ್ಟದ್ದೆಲ್ಲ ಇಟ್ಟ ಹಾಗೇ ಇತ್ತು, ಮೀಟರ್ 9,988ರಲ್ಲೇ ಇತ್ತು. ಅದನ್ನು ನೋಡುತ್ತಾ ಬಹಳ ಹೊತ್ತು ನಿಂತರು. ಕೊನೆಗೆ ನನ್ನ ಮುಂದೆ ಮಣೆ ಸರಿಸಿ, ನೀವೇ ಮುಗಿಸಿ, ಮುಗಿಸಿ ಇಳಿಯಿರಿ ಎಂದರು. ಸೀಟಿ ಕೈಗೆತ್ತಿಕೊಂಡು ನನ್ನ ಹಿಂದೆ ಕೂತರು.

ಎರಡು ಸಲ ಊದಿದರು. ಹೊರಟೆ. ಹನ್ನೆರಡು ಕಿಲೋಮೀಟರ್, ಆರು ಸ್ಟಾಪು, ಹದಿನೆಂಟು ನಿಮಿಷ. ಪ್ರತಿ ಸ್ಟಾಪಿಗೂ ಅವರು ಒಂದು ಊದಿದರು, ಜನ ಹತ್ತಿಳಿದ ಮೇಲೆ ಎರಡು ಊದಿದರು, ಒಂದೂ ತಪ್ಪಲಿಲ್ಲ. ಕೊನೆಯ ಸ್ಟಾಪಿನಲ್ಲಿ ಮೀಟರ್ ಹತ್ತು ಸಾವಿರಕ್ಕೆ ತಿರುಗಿತು, ಪದಕದ ಚಿತ್ರ ಬಂತು, ಕೆಳಗೆ ಲಿಂಗಪ್ಪನವರ ಹೆಸರು. ಅಕ್ಕ ಅದನ್ನು ನೋಡಲಿಲ್ಲ. ಬಸ್ಸಿನ ಒಳಗನ್ನಡಿಯಲ್ಲಿ ಕಾಣುವ ಸೀಟುಗಳನ್ನು ನೋಡುತ್ತಿದ್ದರು. ಜನರೆಲ್ಲ ಇಳಿದು ಬಸ್ಸು ಖಾಲಿಯಾಯಿತು. ನಾನು ಬಾಗಿಲು ಹಾಕಲು ಬೆರಳು ಇಟ್ಟೆ.

"ಹೋಲ್ಡಾನ್," ಎಂದರು. "ಇಳಿಯೋರು ಇನ್ನ ಒಬ್ರು ಅದಾರ."

ಬೆರಳು ತೆಗೆದೆ. ಬಾಗಿಲು ತೆರೆದೇ ಇತ್ತು, ಇಂಜಿನ್ ಗುರುಗುಡುತ್ತಿತ್ತು. ಎಷ್ಟು ಹೊತ್ತು ಕಾದೆವೋ ಗೊತ್ತಿಲ್ಲ, ಈ ಒಂದು ಟ್ರಿಪ್ಪಿನ ಹೊತ್ತನ್ನು ನಾನು ಬರೆದಿಲ್ಲ. ಆಮೇಲೆ ಅಕ್ಕ ಸೀಟಿಯನ್ನು ಬಾಯಿಗಿಡಲು ಹೋಗಿ, ಊದದೆ, ಮಡಚಿದ ಅಂಗಿಯ ಮೇಲೆ ಇಟ್ಟು ನನ್ನ ಮುಖ ನೋಡಿದರು. ಹೇಳಬೇಕಾದವನು ನಾನು.

"ರೈಟ್," ಎಂದೆ.